ಒಂದು ಬೊಗಸೆ ನೀರಿನಿಂದ 17ನೇ ವಿಧಿಯವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸ್ಟೆಲ್‌ಗಳಲ್ಲಿ, ಹಳ್ಳಿಯ ಸಮುದಾಯ ಭವನಗಳಲ್ಲಿ, ಏಪ್ರಿಲ್ 14ರ ಕಾರ್ಯಕ್ರಮ ಮುಗಿದು ಶಾಮಿಯಾನ ಬಿಚ್ಚುವ ಹೊತ್ತಿನಲ್ಲಿ ಅಸ್ಪೃಶ್ಯತೆಯ ಬಗ್ಗೆ ಜನ ಕೇಳುವ ಪ್ರಶ್ನೆಗಳು ಇವು. ಮೈಕ್ ಮುಂದೆ ಕೇಳುವವರು ಕಡಿಮೆ. ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳುವವರೇ ಜಾಸ್ತಿ. ಕೆಲವರು ನೊಂದವರು, ಕೆಲವರು ನಿಜವಾಗಿಯೂ ತಿಳಿಯದವರು, ಕೆಲವರು ವಾದ ಮಾಡಲು ಬಂದವರು. ಮೂರೂ ಬಗೆಯವರಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಅಸ್ಪೃಶ್ಯತೆ ಅನ್ನೋದು ಧರ್ಮದ, ಸಮಾಜ ಸುಧಾರಣೆಯ ವಿಷಯ ಅಲ್ವಾ? ಅದನ್ನು ನಾಗರಿಕ ಹಕ್ಕುಗಳ ಹೋರಾಟ ಅಂತ ಯಾಕೆ ಕರೆಯಬೇಕು?

ಹೋರಾಟ ಯಾವುದಕ್ಕಾಗಿ ನಡೆಯಿತು ಅನ್ನೋದನ್ನು ನೋಡಿ. ಕೇರಳದ ವೈಕಂನಲ್ಲಿ 1924ರಲ್ಲಿ ಜನ ಬೀದಿಗಿಳಿದದ್ದು ದೇವಸ್ಥಾನದ ಒಳಗೆ ಹೋಗಲು ಅಲ್ಲ, ಅದರ ಸುತ್ತಲಿನ ರಸ್ತೆಯಲ್ಲಿ ನಡೆಯಲು. ಮಹಾಡ್‌ನಲ್ಲಿ 1927ರಲ್ಲಿ ಕೇಳಿದ್ದು ಊರಿನ ಕೆರೆಯ ನೀರು. ರಸ್ತೆ, ಕೆರೆ, ಶಾಲೆಯ ಬೆಂಚು, ಚಹಾದ ಲೋಟ, ಕ್ಷೌರದ ಕುರ್ಚಿ, ಸ್ಮಶಾನದ ಜಾಗ. ಇದರಲ್ಲಿ ಯಾವುದು ಮೋಕ್ಷದ ವಿಷಯ? ಎಲ್ಲವೂ ಊರಿನಲ್ಲಿ ಬದುಕುವ ವಿಷಯ. ತೆರಿಗೆ ಹಣದಲ್ಲಿ ಕಟ್ಟಿದ ಕೆರೆಯಲ್ಲಿ ತೆರಿಗೆ ಕಟ್ಟುವವನೇ ನೀರು ಮುಟ್ಟಬಾರದು ಅಂದರೆ ಅದು ನಾಗರಿಕ ಹಕ್ಕಿನ ಪ್ರಶ್ನೆಯೇ.

'ಸುಧಾರಣೆ' ಅಂದಾಗ ಮೇಲಿನವರು ಮನಸ್ಸು ಮಾಡಿ ಕೊಡುವುದು ಅನ್ನೋ ಅರ್ಥ ಬರುತ್ತದೆ. 'ಹಕ್ಕು' ಅಂದರೆ ಅವರು ಮನಸ್ಸು ಮಾಡದಿದ್ದರೂ ಸಿಗಬೇಕಾದದ್ದು. ಈ ಎರಡರ ನಡುವಿನ ಅಂತರ ನನಗೆ ತುಂಬಾ ಮುಖ್ಯ. ಮುಂದಿನ ಉತ್ತರಗಳೆಲ್ಲ ಇದರ ಸುತ್ತಲೇ ಇವೆ.

12ನೇ ಶತಮಾನದಲ್ಲೇ ಶರಣರು ಸಮಾನತೆ ಸಾರಿದ್ದರಲ್ಲ? ಮತ್ತೆ ಕಾನೂನು ಯಾಕೆ ಬೇಕಾಯಿತು?

ಸಾರಿದ್ದರು. ನಮ್ಮ ನಾಡಿನ ಹೆಮ್ಮೆ ಅದು. ಆದರೆ ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳ ಮದುವೆಯ ಕಥೆ ಹೇಗೆ ಮುಗಿಯಿತು ಅನ್ನೋದನ್ನೂ ನಮ್ಮ ಪರಂಪರೆಯೇ ಹೇಳುತ್ತದೆ. ಆ ಇಬ್ಬರು ತಂದೆಯರಿಗೆ ಎಳೆಹೂಟೆ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆಯಾಯಿತು. ಮದುವೆ ಮಾಡಿಸಿದವರ ಕಡೆ ನ್ಯಾಯ ಇತ್ತು, ಶಿಕ್ಷೆ ಕೊಡುವ ಅಧಿಕಾರ ಇನ್ನೊಂದು ಕಡೆ ಇತ್ತು. ಆ ಅಧಿಕಾರವನ್ನು ನ್ಯಾಯದ ಕಡೆಗೆ ತರಲು ಎಂಟುನೂರು ವರ್ಷ ಹಿಡಿಯಿತು.

ಮಹಾಡ್‌ನಲ್ಲಿ ನಿಜವಾಗಿ ನಡೆದದ್ದೇನು?

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 'ಅಂಬೇಡ್ಕರ್ ಕೆರೆ ನೀರು ಕುಡಿದರು' ಅಂತ ಒಂದು ಸಾಲಿನಲ್ಲಿ ಮುಗಿಸಿದರೆ ಅದರ ಜೀವವೇ ಹೋಗುತ್ತದೆ.

1923ರಲ್ಲಿ ಬಾಂಬೆ ಶಾಸನ ಸಭೆಯಲ್ಲಿ ಎಸ್.ಕೆ. ಬೋಲೆ ಒಂದು ನಿರ್ಣಯ ಮಂಡಿಸಿದರು. ಸಾರ್ವಜನಿಕ ಹಣದಲ್ಲಿ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅನ್ನೋದು ಅದರ ಸಾರ. ನಿರ್ಣಯ ಪಾಸಾಯಿತು. ಕೊಂಕಣದ ಮಹಾಡ್ ಪುರಸಭೆ 1924ರಲ್ಲಿ ತನ್ನ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಘೋಷಿಸಿತು. ಕಾಗದದಲ್ಲಿ ಎಲ್ಲ ಸರಿಯಾಯಿತು. ಆದರೆ ಮೂರು ವರ್ಷ ಕಳೆದರೂ ದಲಿತರು ಆ ನೀರು ಮುಟ್ಟಲು ಆಗಲಿಲ್ಲ. ಮುಟ್ಟಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

1927ರ ಮಾರ್ಚ್ 19 ಮತ್ತು 20ರಂದು ಮಹಾಡ್‌ನಲ್ಲಿ ದೊಡ್ಡ ಸಮಾವೇಶ ಆಯಿತು. ಎರಡನೇ ದಿನ ಸಾವಿರಾರು ಜನ ಸಾಲಾಗಿ ಕೆರೆಗೆ ನಡೆದರು. 35 ವರ್ಷದ ಅಂಬೇಡ್ಕರ್ ಮೊದಲು ಬೊಗಸೆಯಲ್ಲಿ ನೀರು ತೆಗೆದುಕೊಂಡು ಕುಡಿದರು. ಹಿಂದೆ ಬಂದವರೂ ಕುಡಿದರು. ಇಷ್ಟೇ. ಯಾವ ಕಾನೂನನ್ನೂ ಮುರಿಯಲಿಲ್ಲ. ಇರುವ ನಿರ್ಣಯವನ್ನು ಬಳಸಿದರು, ಅಷ್ಟೇ. ಮಹಾಡ್‌ನ ವಿಶೇಷ ಇದು. ಬೇರೆ ಸತ್ಯಾಗ್ರಹಗಳಲ್ಲಿ ಕೆಟ್ಟ ಕಾನೂನನ್ನು ಮುರಿದರು. ಇಲ್ಲಿ ಒಳ್ಳೆಯ ಕಾನೂನನ್ನು ಪಾಲಿಸಿದ್ದಕ್ಕೇ ಏಟು ತಿಂದರು.

ಅಸ್ಪೃಶ್ಯರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆ ಅಂತ ಯಾರೋ ಸುದ್ದಿ ಹಬ್ಬಿಸಿದರು. ಗುಂಪು ಕಟ್ಟಿಕೊಂಡು ಬಂದವರು ಚಪ್ಪರದಲ್ಲಿ ಊಟ ಮಾಡುತ್ತಿದ್ದವರ ಮೇಲೆ ಬಿದ್ದರು. ಊರಿಗೆ ಹಿಂತಿರುಗುತ್ತಿದ್ದವರನ್ನೂ ಹೊಡೆದರು. ಅಂಬೇಡ್ಕರ್ ತಮ್ಮವರಿಗೆ ತಿರುಗಿ ಹೊಡೆಯಬೇಡಿ ಅಂದರು. ಆಮೇಲೆ ಕೆರೆಯನ್ನು 'ಶುದ್ಧ' ಮಾಡಿದರು. ಕೆರೆಯಿಂದ 108 ಕೊಡ ನೀರು ಎತ್ತಿ, ಸಗಣಿ, ಗೋಮೂತ್ರ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ವಾಪಸ್ ಸುರಿದರು. ದನ ಕುಡಿದರೆ ಮೈಲಿಗೆಯಾಗದ ನೀರು ಮನುಷ್ಯ ಕುಡಿದರೆ ಮೈಲಿಗೆಯಾಯಿತು.

ಆ ಆಗಸ್ಟ್‌ನಲ್ಲಿ ಪುರಸಭೆ ತನ್ನ 1924ರ ನಿರ್ಣಯವನ್ನೇ ಹಿಂದಕ್ಕೆ ಪಡೆಯಿತು. ಡಿಸೆಂಬರ್‌ನಲ್ಲಿ ಮತ್ತೆ ಸಮಾವೇಶ ಕರೆದಾಗ ಚಪ್ಪರಕ್ಕೆ ಜಾಗ ಕೊಡುವವರೇ ಇರಲಿಲ್ಲ. ಫತೇಖಾನ್ ಎಂಬ ಮುಸ್ಲಿಂ ವ್ಯಕ್ತಿ ತಮ್ಮ ಜಾಗ ಕೊಟ್ಟರು. ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿ ಸುಟ್ಟರು. ಆ ದಿನದ ಭಾಷಣದಲ್ಲಿ ಅಂಬೇಡ್ಕರ್ ಹೇಳಿದ್ದರ ತಿರುಳು ಇಷ್ಟು: ನಾವು ಬರೀ ನೀರು ಕುಡಿಯಲು ಕೆರೆಗೆ ಹೋಗುತ್ತಿಲ್ಲ, ಅದನ್ನು ಕುಡಿಯದೆಯೂ ಬದುಕಿದ್ದೇವೆ, ನಾವೂ ಎಲ್ಲರ ಹಾಗೆ ಮನುಷ್ಯರು ಅಂತ ಸ್ಥಾಪಿಸಲು ಹೋಗುತ್ತಿದ್ದೇವೆ.

ಇನ್ನೊಂದು ವಿಷಯ ಬಹಳ ಜನ ಹೇಳೋದೇ ಇಲ್ಲ. ಆ ಸಮಾವೇಶದಲ್ಲಿ ಅಂಬೇಡ್ಕರ್ ಹೆಂಗಸರ ಜೊತೆ ಪ್ರತ್ಯೇಕವಾಗಿ ಮಾತಾಡಿದರು. ಜಾತಿ ಗುರುತು ತೋರುವ ಹಾಗೆ ಸೀರೆ ಉಡುವುದು ಬಿಡಿ, ನಿಮಗೆ ಬೇಕಾದ ಹಾಗೆ ಉಡಿ ಅಂದರು. ಹೆಂಗಸರು ಅದನ್ನು ಆಗಲೇ ಜಾರಿಗೆ ತಂದರು.

ಎರಡನೇ ಸಲ ಅವರು ಯಾಕೆ ಕೆರೆಗೆ ಹೋಗಲಿಲ್ಲ? ಹಿಂಜರಿದರಾ?

ಇಲ್ಲ. ಕೆರೆ ತಮ್ಮದು, ಅಸ್ಪೃಶ್ಯರನ್ನು ದೂರ ಇಡುವುದು ಹಿಂದಿನಿಂದ ಬಂದ ರೂಢಿ ಅಂತ ಸವರ್ಣೀಯರು ದಾವೆ ಹಾಕಿ, ಡಿಸೆಂಬರ್‌ನಲ್ಲೇ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಸೇರಿದ್ದ ಜನ ಹೋಗೋಣ ಅಂತಲೇ ಹೇಳಿದರು. ಜೈಲಿಗೆ ಹೋಗಲು ಸಾಲುಗಟ್ಟಿ ಹೆಸರು ಬರೆಸಿದ್ದರು. ಅಂಬೇಡ್ಕರ್ ತಡೆದರು. ಸರ್ಕಾರ, ಸವರ್ಣೀಯರು ಇಬ್ಬರನ್ನೂ ಒಟ್ಟಿಗೆ ಎದುರು ಹಾಕಿಕೊಳ್ಳುವುದು ಬೇಡ, ಕೋರ್ಟಿನಲ್ಲೇ ಗೆಲ್ಲೋಣ ಅಂದರು.

ಗೆಲ್ಲಲು ಹತ್ತು ವರ್ಷ ಬೇಕಾಯಿತು. ಕೆಳಗಿನ ಕೋರ್ಟಿನಿಂದ ಹೈಕೋರ್ಟಿನವರೆಗೆ ಕೇಸು ಓಡಿತು. 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟ್ ಅಂಬೇಡ್ಕರ್ ಪರ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್. 1922ರಲ್ಲಿ ಗಾಂಧೀಜಿಗೆ ಆರು ವರ್ಷ ಶಿಕ್ಷೆ ಕೊಟ್ಟವರೂ ಇವರೇ.

ಆ ತೀರ್ಪನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಗೆಲುವಿನ ಆಧಾರ ಏನು ಗೊತ್ತಾ? ದೂರ ಇಡುವ ರೂಢಿ ಅನಾದಿ ಕಾಲದಿಂದ ಇತ್ತು ಅಂತ ಸಾಬೀತು ಮಾಡಲು ಸವರ್ಣೀಯರಿಗೆ ಆಗಲಿಲ್ಲ. ಅಷ್ಟೇ. ದೂರ ಇಡುವುದೇ ತಪ್ಪು ಅನ್ನೋ ನೆಲೆಯ ಮೇಲೆ ಆ ಗೆಲುವು ನಿಂತಿರಲಿಲ್ಲ. ಕೆರೆ ಸಿಕ್ಕಿತು, ಆದರೆ ಇನ್ನೊಂದು ಊರಿನಲ್ಲಿ ಇನ್ನೊಂದು ಕೆರೆಗೆ ಮತ್ತೆ ಮೊದಲಿನಿಂದ ಕೇಸು ಹಾಕಬೇಕಿತ್ತು. ರೂಢಿ ಎಷ್ಟೇ ಹಳೆಯದಾದರೂ ಅದು ತಪ್ಪೇ ಅಂತ ಒಂದೇ ಮಾತಿನಲ್ಲಿ ಹೇಳುವ ಕಾನೂನು ಬೇಕಿತ್ತು.

ಅದೇ 17ನೇ ವಿಧಿನಾ?

ಹೌದು. ಸಂವಿಧಾನ ಸಭೆ 1948ರ ನವೆಂಬರ್ 29ರಂದು ಇದನ್ನು ಒಪ್ಪಿತು. ಆಗ ಕರಡಿನಲ್ಲಿ ಇದಕ್ಕೆ 11 ಅಂತ ನಂಬರ್ ಇತ್ತು. ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ, ಯಾವ ರೂಪದಲ್ಲೂ ಅದರ ಆಚರಣೆ ನಿಷಿದ್ಧ, ಅದರಿಂದ ಬರುವ ಯಾವುದೇ ಅಡ್ಡಿಯನ್ನು ಜಾರಿ ಮಾಡುವುದು ಶಿಕ್ಷಾರ್ಹ ಅಪರಾಧ. 'ಆದರೆ', 'ಸಾಧ್ಯವಾದಷ್ಟು', 'ಕ್ರಮೇಣ' ಅನ್ನೋ ಪದಗಳೇ ಅದರಲ್ಲಿಲ್ಲ.

ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರದ ಕೈ ಕಟ್ಟಲು ಇವೆ. 17ನೇ ವಿಧಿ ಪಕ್ಕದ ಮನೆಯವನ ಕೈಯನ್ನೂ ಕಟ್ಟುತ್ತದೆ. ಹೋಟೆಲ್ ಮಾಲೀಕ, ಊರ ಯಜಮಾನ, ಪೂಜಾರಿ, ಅಪಾರ್ಟ್‌ಮೆಂಟಿನ ಸಂಘ ಎಲ್ಲರಿಗೂ ಅನ್ವಯ. 15ನೇ ವಿಧಿಯ ಎರಡನೇ ಭಾಗವನ್ನೂ ಇದರ ಜೊತೆ ಓದಿ. ಅಂಗಡಿ, ಹೋಟೆಲ್, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದಾಗಿ ಹೆಸರಿಸಿದ್ದಾರೆ. ಆ ಪಟ್ಟಿಯಲ್ಲಿ 'ಕೆರೆ' ಅನ್ನೋ ಪದ ಕಂಡಾಗಲೆಲ್ಲ ನನಗೆ ಚವದಾರ್ ನೆನಪಾಗುತ್ತದೆ.

ಸಂವಿಧಾನದಲ್ಲಿ 'ಅಸ್ಪೃಶ್ಯತೆ' ಅಂದರೇನು ಅಂತ ಹೇಳಿಯೇ ಇಲ್ಲವಂತೆ?

ಇಲ್ಲ. ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದಾರೆ. 1950ರ ದಶಕದ ಕೊನೆಯಲ್ಲಿ ನಮ್ಮ ಮೈಸೂರು ಹೈಕೋರ್ಟ್ ದೇವರಾಜಯ್ಯ ಮತ್ತು ಪದ್ಮಣ್ಣ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಪದದ ನಿಘಂಟಿನ ಅರ್ಥ ಬೇಡ, ಈ ದೇಶದಲ್ಲಿ ಇತಿಹಾಸದ ಉದ್ದಕ್ಕೂ ಬೆಳೆದು ಬಂದ ಆಚರಣೆ ಅಂತಲೇ ತಿಳಿಯಬೇಕು ಅಂದಿತು. ಸೋಂಕಿನ ಕಾಯಿಲೆ ಬಂದವರನ್ನು ದೂರ ಇಡುವುದು ಇದರಲ್ಲಿ ಬರುವುದಿಲ್ಲ.

ಕರ್ನಾಟಕದಲ್ಲಿ ಈ ಹೋರಾಟ ಹೇಗಿತ್ತು? ನಮ್ಮ ಕಡೆ ಅಷ್ಟು ಕೆಟ್ಟದಾಗಿ ಇರಲಿಲ್ಲ ಅಂತಾರಲ್ಲ?

ಹಾಗೆ ಹೇಳುವವರು ಸಾಮಾನ್ಯವಾಗಿ ಕೇರಿಯಲ್ಲಿ ಹುಟ್ಟಿದವರಲ್ಲ.

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 19ನೇ ಶತಮಾನದ ಕೊನೆಯಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅದಕ್ಕೆ ತಮ್ಮ ಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದರು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ, ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ಬಂತು. ಇವು ಗೊತ್ತಿರುವ ಕಥೆಗಳು. ನಾನು ಕೋರ್ಟಿನ ಎರಡು ಕಥೆ ಹೇಳುತ್ತೇನೆ, ಎರಡೂ ನಮ್ಮವೇ.

ಒಂದು, ಮುಲ್ಕಿಯ ವೆಂಕಟರಮಣ ದೇವಸ್ಥಾನದ್ದು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1947ರ ಮದ್ರಾಸ್ ದೇವಾಲಯ ಪ್ರವೇಶ ಕಾಯ್ದೆ ಎಲ್ಲ ಹಿಂದೂಗಳಿಗೂ ಬಾಗಿಲು ತೆರೆಯಿತು. ಇದು ಗೌಡ ಸಾರಸ್ವತ ಬ್ರಾಹ್ಮಣರ ದೇವಸ್ಥಾನ, ನಮಗೆ ಅನ್ವಯಿಸದು ಅಂತ ಆಡಳಿತದವರು ಕೋರ್ಟಿಗೆ ಹೋದರು. ಕೇಸು ಸುಪ್ರೀಂ ಕೋರ್ಟ್ ಮುಟ್ಟುವಷ್ಟರಲ್ಲಿ ರಾಜ್ಯಗಳ ಗಡಿ ಬದಲಾಗಿತ್ತು, ಎದುರು ಪಕ್ಷ ಮೈಸೂರು ರಾಜ್ಯವಾಗಿತ್ತು. 1957ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಪಂಗಡಕ್ಕೆ ತನ್ನ ಧರ್ಮದ ವಿಷಯ ನೋಡಿಕೊಳ್ಳುವ ಹಕ್ಕು ಇದೆ, ಆದರೆ ಎಲ್ಲರೂ ಒಳಗೆ ಬರುವ ಹಕ್ಕು ಅದಕ್ಕಿಂತ ಮೇಲು. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಪಂಗಡದವರಿಗೆ ಮೀಸಲಿಡಬಹುದು ಅಂತ ಸಣ್ಣ ಕಿಂಡಿಯನ್ನೂ ಬಿಟ್ಟಿತು. ದೇವಾಲಯ ಪ್ರವೇಶದ ವಾದ ಎಲ್ಲೇ ನಡೆದರೂ ವಕೀಲರು ಇವತ್ತಿಗೂ ಮುಲ್ಕಿಯ ಈ ತೀರ್ಪನ್ನು ಎತ್ತುತ್ತಾರೆ.

ಇನ್ನೊಂದು, ಅಪ್ಪಾ ಬಾಳು ಇಂಗಳೆ ಪ್ರಕರಣ. ಹಳ್ಳಿಯಲ್ಲಿ ಹೊಸದಾಗಿ ಕೊರೆದ ಬೋರ್‌ವೆಲ್. ದಲಿತರು ನೀರಿಗೆ ಹೋದಾಗ ಬಂದೂಕು ತೋರಿಸಿ ತಡೆದರು. ಕೆಳಗಿನ ಕೋರ್ಟ್ ಶಿಕ್ಷೆ ಕೊಟ್ಟಿತು, ಹೈಕೋರ್ಟ್ ಬಿಡುಗಡೆ ಮಾಡಿತು. 1992ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ಮಹಾಡ್ ಆಗಿ 65 ವರ್ಷ, ಸಂವಿಧಾನ ಬಂದು 42 ವರ್ಷ. ಜಗಳ ಇನ್ನೂ ನೀರಿನ ಬಳಿಯೇ ನಿಂತಿತ್ತು.

ಬೀದಿಯ ಹೋರಾಟಕ್ಕೆ ದನಿ ಸಿಕ್ಕಿದ್ದು 1970ರ ದಶಕದಲ್ಲಿ. 1973ರ ನವೆಂಬರ್‌ನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಕುರ್ಚಿ ಬಿಡಬೇಕಾಯಿತು. ಆ ನೋವಿನಿಂದಲೇ ಒಂದು ತಲೆಮಾರು ಎದ್ದು ನಿಂತಿತು. ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪ ಮತ್ತು ಗೆಳೆಯರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಹಳ್ಳಿ ಹಳ್ಳಿಗೆ ಡಿಎಸ್‌ಎಸ್ ಹೋಯಿತು, ತಮಟೆ ಹಿಡಿದು ಹೋರಾಟದ ಹಾಡು ಹೇಳಿತು. ಕಾನೂನಿನ ಪುಸ್ತಕ ಓದಲು ಬಾರದವರಿಗೆ ಹಕ್ಕು ಅನ್ನೋ ಪದ ತಲುಪಿದ್ದು ಆ ಹಾಡುಗಳಿಂದ.

1955ರ ಕಾಯ್ದೆ, 1989ರ ಕಾಯ್ದೆ ಅಂತ ಎರಡು ಯಾಕೆ?

17ನೇ ವಿಧಿ ಅಪರಾಧ ಅಂದಿತು, ಶಿಕ್ಷೆ ಎಷ್ಟು ಅಂತ ಹೇಳಲಿಲ್ಲ. ಅದಕ್ಕೆ 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದನ್ನು ಬಿಗಿ ಮಾಡಿ, ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಿಸಿದರು. ಆಗಿನಿಂದ ಈ ಕೇಸುಗಳಲ್ಲಿ ರಾಜಿ ಇಲ್ಲ. ಮೊದಲ ಸಲಕ್ಕೆ ಒಂದರಿಂದ ಆರು ತಿಂಗಳು ಜೈಲು, 100ರಿಂದ 500 ರೂಪಾಯಿ ದಂಡ. ದಂಡದ ಮೊತ್ತ ನೋಡಿದರೆ ಬೇಸರವಾಗುತ್ತದೆ. ಆದರೆ ಈ ಕಾಯ್ದೆಯ 12ನೇ ಕಲಂ ದೊಡ್ಡದು. ನೊಂದವರು ಪರಿಶಿಷ್ಟ ಜಾತಿಯವರಾದರೆ, ಆ ಕೃತ್ಯ ಅಸ್ಪೃಶ್ಯತೆಯ ಕಾರಣಕ್ಕೇ ನಡೆದಿದೆ ಅಂತ ಕೋರ್ಟ್ ಮೊದಲಿಗೇ ಭಾವಿಸಬೇಕು. ಹಾಗಲ್ಲ ಅಂತ ತೋರಿಸುವ ಹೊಣೆ ಆರೋಪಿಯದು.

ಆದರೆ ದಲಿತರು ಹಕ್ಕು ಕೇಳತೊಡಗಿದ ಹಾಗೆ ಹಿಂಸೆಯ ರೂಪ ಬದಲಾಯಿತು. ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ 1968ರ ಡಿಸೆಂಬರ್ 25ರಂದು ಕೂಲಿ ಜಾಸ್ತಿ ಕೇಳಿದ ತಪ್ಪಿಗೆ 44 ಜನರನ್ನು ಗುಡಿಸಲಿನಲ್ಲಿ ಸುಟ್ಟರು. 1985ರಲ್ಲಿ ಆಂಧ್ರದ ಕಾರಂಚೇಡುವಿನಲ್ಲೂ ಹತ್ಯಾಕಾಂಡ ನಡೆಯಿತು. ಅಲ್ಲಿಯೂ ಜಗಳದ ಕಿಡಿ ಹೊತ್ತಿದ್ದು ಕುಡಿಯುವ ನೀರಿನ ಕೆರೆಯ ಬಳಿ. ಆರು ತಿಂಗಳು ಜೈಲು, 500 ರೂಪಾಯಿ ದಂಡದ ಕಾನೂನು ಇಂಥದ್ದರ ಎದುರು ಏನು ಮಾಡೀತು? ಅದಕ್ಕೇ 1989ರ ದೌರ್ಜನ್ಯ ತಡೆ ಕಾಯ್ದೆ. 1990ರ ಜನವರಿ 30ರಿಂದ ಜಾರಿಗೆ ಬಂತು. 2015ರ ತಿದ್ದುಪಡಿಯಿಂದ ಇನ್ನಷ್ಟು ಬಲವಾಯಿತು.

ಯಾವ್ಯಾವುದು ಅಪರಾಧ? ಉದಾಹರಣೆ ಕೊಡಿ.

ಹೋಟೆಲಿನಲ್ಲಿ ಬೇರೆ ಲೋಟ ಇಡುವುದು. ಕ್ಷೌರದ ಅಂಗಡಿಯಲ್ಲಿ 'ನಿಮಗೆ ಮಾಡಲ್ಲ' ಅನ್ನುವುದು. ಜಾತಿ ನೋಡಿ ಬಾಡಿಗೆ ಮನೆ ನಿರಾಕರಿಸುವುದು ಕೂಡ 1955ರ ಕಾಯ್ದೆಯಲ್ಲೇ ಬರುತ್ತದೆ, ನಗರದವರು ಇದನ್ನು ಗಮನಿಸಬೇಕು. 1989ರ ಕಾಯ್ದೆಯಲ್ಲಿ ಪಟ್ಟಿ ಉದ್ದವಿದೆ. ಜಮೀನು ಕಬಳಿಸುವುದು, ಮತ ಹಾಕದಂತೆ ತಡೆಯುವುದು, ಚಪ್ಪಲಿ ಹಾರ ಹಾಕುವುದು, ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು. ಸೈಕಲ್ ಅಥವಾ ಬೈಕ್ ಹತ್ತದಂತೆ, ಊರೊಳಗೆ ಚಪ್ಪಲಿ ಮೆಟ್ಟದಂತೆ, ಹೊಸ ಬಟ್ಟೆ ತೊಡದಂತೆ, ಮದುವೆ ಮೆರವಣಿಗೆ ತೆಗೆಯದಂತೆ, ಕುದುರೆ ಏರದಂತೆ ತಡೆಯುವುದು.

ಇದನ್ನು ಓದಿ ಒಬ್ಬ ಹುಡುಗ ನನ್ನನ್ನು ಕೇಳಿದ, 'ಹೊಸ ಬಟ್ಟೆಗೂ ಕಾನೂನಾ?' ಹೌದಪ್ಪ. ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಯಾವುದೋ ಊರಿನಲ್ಲಿ ಏಟು ತಿಂದ ಒಬ್ಬ ಮನುಷ್ಯ ಇದ್ದಾನೆ.

ನಾನು ಚಿಕ್ಕವನಿದ್ದಾಗ ನಮ್ಮೂರ ಚಹಾದಂಗಡಿಯ ಹೆಂಚಿನ ಅಂಚಿನಲ್ಲಿ ಕರಟಗಳನ್ನು ಸಿಕ್ಕಿಸಿಡುತ್ತಿದ್ದರು. ಅವು ಯಾಕೆ ಅಲ್ಲಿವೆ ಅಂತ ಕೇಳಿದಾಗ ದೊಡ್ಡವರು ಉತ್ತರ ಕೊಡದೆ ಕೈ ಹಿಡಿದು ಎಳೆದುಕೊಂಡು ಹೋದರು. ಆ ಅಂಗಡಿ ಈಗಿಲ್ಲ. ಉತ್ತರ ಕೊಡದ ಆ ಅಭ್ಯಾಸ ಇನ್ನೂ ಇದೆ.

ದೌರ್ಜನ್ಯ ಆದರೆ ಏನು ಮಾಡಬೇಕು?

ಹತ್ತಿರದ ಠಾಣೆಗೆ ಹೋಗಿ ದೂರು ಕೊಡಿ. ಬಾಯಲ್ಲಿ ಹೇಳಿದರೆ ಪೊಲೀಸರು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು. ಎಫ್‌ಐಆರ್ ಪ್ರತಿ ನಿಮಗೆ ಉಚಿತ. 'ಮೊದಲು ವಿಚಾರಣೆ ಮಾಡ್ತೀವಿ, ಆಮೇಲೆ ದಾಖಲು' ಅನ್ನುವ ಹಾಗಿಲ್ಲ. ತನಿಖೆ ಮಾಡುವವರು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು. ಆರೋಪಪಟ್ಟಿ 60 ದಿನದೊಳಗೆ ಹೋಗಬೇಕು.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ರಸೀದಿ ಜೋಪಾನ. ಬೇಕೆಂದೇ ಕರ್ತವ್ಯ ಮಾಡದ ಅಧಿಕಾರಿಗೆ 1989ರ ಕಾಯ್ದೆಯ 4ನೇ ಕಲಂ ಪ್ರಕಾರ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಇದೆ. ದೇಶದ ಯಾವ ಮೂಲೆಯಿಂದಲೂ 14566 ಸಹಾಯವಾಣಿಗೆ ಕರೆ ಮಾಡಬಹುದು. ಕರ್ನಾಟಕದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ, ಡಿಸಿಆರ್‌ಇ ಅಂತಾರೆ. ವಕೀಲರ ಖರ್ಚಿನ ಚಿಂತೆ ಬೇಡ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ.

ಪರಿಹಾರದ ಹಣವೂ ಇದೆ. 2016ರ ನಿಯಮದಂತೆ ಅಪರಾಧ ಯಾವುದು ಅನ್ನೋದರ ಮೇಲೆ 85 ಸಾವಿರದಿಂದ 8 ಲಕ್ಷದ 25 ಸಾವಿರದವರೆಗೆ, ಕಂತುಗಳಲ್ಲಿ ಬರುತ್ತದೆ. ಕೋರ್ಟಿಗೆ ಹೋಗಿ ಬರುವ ಬಸ್ ಚಾರ್ಜು, ಆ ದಿನದ ಕೂಲಿ ಕೂಡ ನೊಂದವರಿಗೆ, ಸಾಕ್ಷಿಗಳಿಗೆ ಕೊಡಬೇಕು. ಇದನ್ನು ಕೇಳಿ ಪಡೆಯುವವರು ತೀರಾ ಕಡಿಮೆ. ದಯವಿಟ್ಟು ಕೇಳಿ. ಕೂಲಿ ತಪ್ಪುತ್ತದೆ ಅಂತಲೇ ಎಷ್ಟೋ ಸಾಕ್ಷಿಗಳು ಕೋರ್ಟಿಗೆ ಬರುವುದು ನಿಲ್ಲಿಸುತ್ತಾರೆ.

ಈ ಕಾಯ್ದೆಯಲ್ಲಿ ಸುಳ್ಳು ಕೇಸುಗಳೇ ಜಾಸ್ತಿ ಅಂತಾರಲ್ಲ? ಸುಮ್ನೆ ಜಾತಿ ಹೆಸರು ಎತ್ತಿದರೂ ಜೈಲಾ?

ಜಾತಿ ಹೆಸರು ಹೇಳಿದ ಮಾತ್ರಕ್ಕೆ ಅಪರಾಧ ಆಗುವುದಿಲ್ಲ. ಅವಮಾನ ಮಾಡಬೇಕು ಅನ್ನೋ ಉದ್ದೇಶ ಇರಬೇಕು, ಸಾರ್ವಜನಿಕರ ಕಣ್ಣಿಗೆ ಬೀಳುವ ಕಡೆ ನಡೆದಿರಬೇಕು. ಮನೆಯ ನಾಲ್ಕು ಗೋಡೆಗಳ ನಡುವೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಆ ಕಲಂಗೆ ಬರುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಸುಳ್ಳು ಕೇಸಿನ ಮಾತು. ಬಿಡುಗಡೆ ಆದ ಕೇಸನ್ನೆಲ್ಲ ಸುಳ್ಳು ಅಂತ ಲೆಕ್ಕ ಹಾಕುವುದು ದೊಡ್ಡ ಅನ್ಯಾಯ. 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಹಾಗಾದರೆ ಆ ಏಳು ಹೆಣಗಳು ಸುಳ್ಳಾ? ಅದೇ ಊರಲ್ಲಿ, ಅದೇ ಜಮೀನ್ದಾರರ ಹೊಲದಲ್ಲಿ ನಾಳೆ ಕೂಲಿಗೆ ಹೋಗಬೇಕಾದ ಮನುಷ್ಯ ಸಾಕ್ಷಿ ಕಟ್ಟೆಯಲ್ಲಿ ಎಷ್ಟು ಹೊತ್ತು ಗಟ್ಟಿಯಾಗಿ ನಿಂತಾನು?

2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟ್ ದುರ್ಬಳಕೆಯ ಕಾರಣ ಹೇಳಿ, ಬಂಧನಕ್ಕೆ ಮುಂಚೆ ಅನುಮತಿ ಬೇಕು, ಎಫ್‌ಐಆರ್‌ಗೆ ಮುಂಚೆ ವಿಚಾರಣೆ ನಡೆಸಬಹುದು ಅಂದಿತು. ಏಪ್ರಿಲ್ 2ರಂದು ದೇಶವೇ ಬಂದ್ ಆಯಿತು, ಪ್ರಾಣಗಳೂ ಹೋದವು. ಸಂಸತ್ತು ಅದೇ ವರ್ಷ 18ಎ ಕಲಂ ಸೇರಿಸಿ ಆ ಷರತ್ತುಗಳನ್ನು ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮೇಲ್ನೋಟಕ್ಕೇ ಕೇಸು ನಿಲ್ಲದಿದ್ದಾಗ ನಿರೀಕ್ಷಣಾ ಜಾಮೀನು ಕೊಡುವ ಅಧಿಕಾರ ಕೋರ್ಟಿಗೆ ಇದೆ ಅಂತಲೂ ಹೇಳಿತು. ಹಾಗಾಗಿ ನಿರಪರಾಧಿಗೆ ದಾರಿಯೇ ಇಲ್ಲ ಅನ್ನೋದು ನಿಜವಲ್ಲ.

ಶಿಕ್ಷೆ ಆದದ್ದೂ ಇದೆಯಾ?

ಇದೆ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಹೋಟೆಲ್, ಕ್ಷೌರದಂಗಡಿಗೆ ಪ್ರವೇಶ ಕೇಳಿದ್ದರ ಸಿಟ್ಟು ಮೊದಲೇ ಇತ್ತು, ಸಿನಿಮಾ ಟಾಕೀಸಿನಲ್ಲಿ ಆದ ಜಗಳ ನೆಪವಾಯಿತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಇಷ್ಟಾದರೂ ಆ ಹತ್ತು ವರ್ಷ ಸಾಕ್ಷಿ ಹೇಳಿ ನಿಂತವರನ್ನು ನೆನೆದರೆ ನನಗೆ ಕೈ ಮುಗಿಯಬೇಕು ಅನಿಸುತ್ತದೆ.

ಸರ್ಕಾರ ಕೊಟ್ಟ ಜಮೀನನ್ನು ನಮ್ಮ ಅಜ್ಜ ಮಾರಿಬಿಟ್ಟಿದ್ದರು. ವಾಪಸ್ ಸಿಗುತ್ತಾ?

ಇದನ್ನು ಕೇಳದ ಊರೇ ಇಲ್ಲ. ದಲಿತರಿಗೆ ಮಂಜೂರಾದ ಜಮೀನು ಒಂದು ಸಾಲಕ್ಕೋ, ಒಂದು ಮದುವೆಯ ಖರ್ಚಿಗೋ ಕೈ ಬಿಡುತ್ತಿತ್ತು. ಅದನ್ನು ತಡೆಯಲು ಕರ್ನಾಟಕ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತಂದಿತು. ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟಕ್ಕೆ ಬೆಲೆ ಇಲ್ಲ, ಜಮೀನು ಮೂಲ ಕುಟುಂಬಕ್ಕೆ ಮರಳಬೇಕು. 1984ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟ್, ಅರ್ಜಿಯನ್ನು ಸಮಂಜಸ ಸಮಯದೊಳಗೆ ಹಾಕಬೇಕು ಅಂದಾಗ ಸಾವಿರಾರು ಕುಟುಂಬಗಳ ಎದೆ ಒಡೆಯಿತು. ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. 2023ರಲ್ಲಿ ರಾಜ್ಯ ಕಾಯ್ದೆ ತಿದ್ದಿ, ಅರ್ಜಿಗೆ ಕಾಲಮಿತಿ ಇಲ್ಲ ಅಂತ ಬರೆಯಿತು. ಅರ್ಜಿ ಹಾಕಬೇಕಾದದ್ದು ಉಪವಿಭಾಗಾಧಿಕಾರಿಗೆ. ಮಂಜೂರಾತಿ ಪತ್ರ ಹುಡುಕಿ, ಅದೇ ಮುಖ್ಯ.

ಮಲ ಹೊರುವ ಪದ್ಧತಿ ಕರ್ನಾಟಕದಲ್ಲಿ ಯಾವಾಗಲೋ ಹೋಗಿಲ್ವಾ?

ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದ ಶುರುವಿನಲ್ಲೇ, ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶದಲ್ಲೇ ದೊಡ್ಡ ಹೆಜ್ಜೆ ಅದು. ಆದರೆ ಕೋಲಾರ ಚಿನ್ನದ ಗಣಿಯ ಕಾಲೋನಿಗಳಲ್ಲಿ ಒಣ ಪಾಯಿಖಾನೆಗಳು ಆಮೇಲೂ ಇದ್ದವು. ಅಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ತಮ್ಮವರು ಬಕೆಟ್ ಹೊತ್ತದ್ದನ್ನು ಕಣ್ಣಾರೆ ಕಂಡು ಹೋರಾಟಕ್ಕೆ ಇಳಿದರು. ಅವರ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಯಿತು. 2010ರ ಜುಲೈನಲ್ಲಿ ಸವಣೂರಿನ ಭಂಗಿ ಕುಟುಂಬದವರು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆ ಚಿತ್ರ ನೋಡಿದ ರಾತ್ರಿ ನನಗೆ ಊಟ ಸೇರಲಿಲ್ಲ.

2013ರಲ್ಲಿ ಹೊಸ ಕಾನೂನು ಬಂತು. 2014ರಲ್ಲಿ ಸುಪ್ರೀಂ ಕೋರ್ಟ್ ಮ್ಯಾನ್‌ಹೋಲ್ ಸಾವಿಗೆ 10 ಲಕ್ಷ ಪರಿಹಾರ ಅಂದಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮ್ಯಾನ್‌ಹೋಲ್‌ಗೆ ಮನುಷ್ಯನನ್ನು ಇಳಿಸುವುದು ಈಗಲೂ ನಿಂತಿಲ್ಲ.

ಮೀಸಲಾತಿ ಸಿಕ್ಕಿತಲ್ಲ, ಇನ್ನೇನು ಬೇಕು?

ಮೀಸಲಾತಿ ಸೀಟಿನ, ಕೆಲಸದ ವಿಷಯ. ಅದು ಬೇಕು. ಆದರೆ ಕೆಲಸ ಸಿಕ್ಕ ಇಂಜಿನಿಯರ್‌ಗೂ ಬಾಡಿಗೆ ಮನೆ ಹುಡುಕುವಾಗ 'ನೀವು ಯಾವ ಜನ?' ಅಂತ ಕೇಳುತ್ತಾರೆ. ಇಲ್ಲಿ ನಾವು ಮಾತಾಡುತ್ತಿರುವುದು ಆ ಪ್ರಶ್ನೆಯ ಬಗ್ಗೆ.

ವಿದೇಶಕ್ಕೆ ಹೋದರೆ ಜಾತಿ ಬಿಟ್ಟುಹೋಗುತ್ತೆ ಅಲ್ವಾ?

ಬಿಟ್ಟುಹೋಗಿದ್ದರೆ ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯ ನಿಷೇಧಿಸುವ ಕಾನೂನು ತರಬೇಕಿರಲಿಲ್ಲ. ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಕ್ಯಾಲಿಫೋರ್ನಿಯಾದಲ್ಲೂ ಅಂಥ ಮಸೂದೆ ಶಾಸನ ಸಭೆಯಲ್ಲಿ ಪಾಸಾಗಿತ್ತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಗವರ್ನರ್ ಅದಕ್ಕೆ ಸಹಿ ಹಾಕಲಿಲ್ಲ. ಈ ಎರಡೂ ಕಡೆ ನಮ್ಮ ಕನ್ನಡದ ಸಾಫ್ಟ್‌ವೇರ್ ಜನ ಸಾಕಷ್ಟಿದ್ದಾರೆ. ಇದು ಅವರ ಮನೆಯ ಮಾತೂ ಹೌದು.

ಇಷ್ಟೆಲ್ಲ ಕಾನೂನು ಇದ್ದೂ ಈಗಲೂ ಅಸ್ಪೃಶ್ಯತೆ ಇದೆ ಅಂತೀರಾ?

2022ರಲ್ಲಿ ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧ ಅಂತ ದೇಶದಲ್ಲಿ ದಾಖಲಾದ ಪ್ರಕರಣ 57,582. ಇದು ಠಾಣೆಯ ಮೆಟ್ಟಿಲು ಹತ್ತಿದವರ ಲೆಕ್ಕ ಮಾತ್ರ.

2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಮಳೆ ಬಂತು ಅಂತ ಪುಟ್ಟ ಮಗು ದೇವಸ್ಥಾನದೊಳಗೆ ಓಡಿತು. ಶುದ್ಧೀಕರಣಕ್ಕೆ ಅಂತ ಮನೆಯವರಿಗೆ 25 ಸಾವಿರ ರೂಪಾಯಿ ಕಟ್ಟಲು ಹೇಳಿದರು. ಮರುವರ್ಷ ಕೋಲಾರ ಜಿಲ್ಲೆಯ ಉಳ್ಳೇರಹಳ್ಳಿಯಲ್ಲಿ ಒಬ್ಬ ಹುಡುಗ ಉತ್ಸವದ ದೇವರ ಕೋಲು ಮುಟ್ಟಿದ. ದಂಡ 60 ಸಾವಿರ. ಎರಡೂ ಕಡೆ ಕೇಸು ದಾಖಲಾಯಿತು. ಉಳ್ಳೇರಹಳ್ಳಿಯ ಆ ಹುಡುಗನ ಮನೆಯವರು ದೇವರ ಪಟಗಳನ್ನು ತೆಗೆದು ಅಂಬೇಡ್ಕರ್ ಫೋಟೋ ಇಟ್ಟರು.

2022ರ ನವೆಂಬರ್‌ನಲ್ಲಿ ಚಾಮರಾಜನಗರದ ಹೆಗ್ಗೊಠಾರದ್ದು ಇನ್ನೊಂದು ಘಟನೆ. ಮದುವೆಗೆಂದು ಬೇರೆ ಊರಿನಿಂದ ಬಂದಿದ್ದ ದಲಿತ ಮಹಿಳೆಗೆ ಬಾಯಾರಿಕೆಯಾಯಿತು. ಮೇಲ್ಜಾತಿಯವರ ಬೀದಿಯಲ್ಲಿದ್ದ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರು. ಅವರು ಹೋದ ಮೇಲೆ ತೊಂಬೆಯ ನೀರನ್ನೆಲ್ಲ ಖಾಲಿ ಮಾಡಿ, ಗೋಮೂತ್ರ ಹಾಕಿ ತೊಳೆದರು ಅಂತ ದೂರು ಬಂತು. ಮಹಾಡ್‌ನ 108 ಕೊಡಗಳಾಗಿ 95 ವರ್ಷವಾಗಿತ್ತು.

ಆದರೆ ಈ ಸಲ ಒಂದು ವ್ಯತ್ಯಾಸ ಇತ್ತು. ಅಧಿಕಾರಿಗಳು ಊರಿಗೆ ಬಂದರು, ಪೊಲೀಸರು ಕೇಸು ದಾಖಲಿಸಿದರು. ಊರಿನ ತೊಂಬೆಗಳ ಬಳಿಗೆ ದಲಿತರನ್ನು ಕರೆದುಕೊಂಡು ಹೋದರು. ಅವರು ಒಬ್ಬೊಬ್ಬರಾಗಿ ನಲ್ಲಿ ತಿರುಗಿಸಿ, ಬೊಗಸೆ ಒಡ್ಡಿ, ಎಲ್ಲರ ಎದುರೇ ನೀರು ಕುಡಿದರು.